ಬಿರುಕಿಗೊಂದು ಗಾಜಿನ ಪಟ್ಟಿ

ಮೊನ್ನೆ ಸೊಸೈಟಿಯ ಮಿನಿಟ್ಸ್ ಪುಸ್ತಕ ತೆರೆದಾಗ ಒಳಗಿಂದ ಹೋಟೆಲೊಂದರ ರಟ್ಟಿನ ಕಾರ್ಡು ಜಾರಿ ನೆಲಕ್ಕೆ ಬಿತ್ತು. ಮೇಲ್ತುದಿಯಲ್ಲಿ ಬಾಗಿಲ ಹಿಡಿಗೆ ತೂಗಿಹಾಕಲು ದುಂಡನೆಯ ತೂತು. ಅದರ ಕೆಳಗೆ ತಿಂಡಿಗಳ ಪಟ್ಟಿ. ಅದಕ್ಕೂ ಕೆಳಗೆ ನಾಲ್ಕು ವೇಳೆ: ಎಂಟು, ಎಂಟೂವರೆ, ಒಂಬತ್ತು, ಒಂಬತ್ತೂವರೆ. ಬೇಕಾದ್ದಕ್ಕೆ ಗುರುತು ಹಾಕಿ ಮಲಗುವ ಮುಂಚೆ ಬಾಗಿಲ ಹೊರಗೆ ತೂಗಿಸಿದರೆ ಮರುದಿನ ಅದೇ ಹೊತ್ತಿಗೆ ಅದೇ ತಿಂಡಿ ಸಿದ್ಧ. ನಾನು ಆ ನಾಲ್ಕೂ ವೇಳೆಗಳನ್ನು ಬಿಟ್ಟು ಅಂಚಿನಲ್ಲಿ ಪೆನ್ನಿನಿಂದ ‘ಐದೂವರೆ’ ಎಂದು ಬರೆದಿದ್ದೆ. ಅದನ್ನು ತೂಗಿಸಲು ಹೊರಟಾಗ ನನ್ನ ಹೆಂಡತಿ ಗಿರಿಜೆ ಕಾರ್ಡು ಕಸಿದುಕೊಂಡಳು.

“ಎಂತ ಮಾರಾಯ್ರೆ, ಅವರು ಮನುಷ್ಯರಲ್ವಾ? ಐದೂವರೆಗೆ ಇಲ್ಲಿಯ ಕೋಳಿ ಸಹ ಏಳುವುದಿಲ್ಲ.”

ಹಾಗೆ ಬಾಗಿಲಿಗೆ ಹೋಗಬೇಕಾದ ಕಾರ್ಡು ನನ್ನ ಕೋಟಿನ ಜೇಬಿಗೆ ಹೋಯಿತು, ಅಲ್ಲಿಂದ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಗೆ ಬಂತು.

ಮಿನಿಟ್ಸ್ ಪುಸ್ತಕ ಎಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು ಹೇಳಬೇಕು. ಡೊಂಬಿವಲಿಯ ನಮ್ಮ ನವಪ್ರಭಾ ಸೊಸೈಟಿಗೆ, ಎಂದರೆ ಒಂದೇ ಕಟ್ಟಡದ ಮನೆಯವರ ಸಂಘಕ್ಕೆ, ನಾನು ಇಪ್ಪತ್ತೆರಡು ವರ್ಷಗಳಿಂದ ಸೆಕ್ರೆಟರಿ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಇಂದಿಗೂ ಒಂದು ಸಭೆ ತಪ್ಪಿಲ್ಲ. ಕಟ್ಟಡ ಮಾತ್ರ ಇಲ್ಲ. ಎರಡು ವರ್ಷದ ಹಿಂದೆ ಅದನ್ನು ಕೆಡವಿದರು, ಹೊಸದು ಎದ್ದಿಲ್ಲ. ತಗಡಿನ ಬೇಲಿಯ ಹೊರಗೆ ಫುಟ್‌ಪಾತಿನ ಮೇಲೆ ನಿಂತುಕೊಂಡೇ ಸಭೆ ನಡೆಸುತ್ತೇವೆ. ಕೆಡವಿದ್ದಕ್ಕೆ ಕಾರಣ ನಾನು. ಆ ಮಾತಿಗೆ ಬರುತ್ತೇನೆ. ಆದರೆ ಈ ಕಾರ್ಡು ಬಂದ ಐರ್ಲೆಂಡಿನ ಆ ಹಳೇ ಮನೆಯ ವಿಷಯ ಮೊದಲು ಹೇಳದಿದ್ದರೆ, ಈ ಎರಡು ವರ್ಷ ನನ್ನನ್ನು ಕೊರೆಯುತ್ತಿರುವುದು ಏನೆಂದು ನಿಮಗೆ ತಿಳಿಯುವುದಿಲ್ಲ.

ನಾನು ಗಡಿಯಾರದ ಮನುಷ್ಯ. ಅದು ಹೊಗಳಿಕೆಯಲ್ಲ, ರೋಗದ ಹೆಸರು. ಉಡುಪಿ ಕಡೆಯ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಏಳು ವರ್ಷ ಬೆಳೆದವನು. ಬೆಳಿಗ್ಗೆ ನಾಲ್ಕೂವರೆಗೆ ಗಂಟೆ. ಐದಕ್ಕೆ ಬಾವಿಕಟ್ಟೆ. ಚಾಪೆ ಸುತ್ತಿ ಗೋಡೆಗೆ ಒತ್ತಿ ಇಡಬೇಕು. ಕೆಂಪು ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆಯನ್ನು ಯಾರ ಚಾಪೆಯ ತುದಿ ದಾಟುತ್ತದೋ ಅವನ ಗಂಜಿಗೆ ಅಂದು ಉಪ್ಪಿನಕಾಯಿ ಇಲ್ಲ. ವಾರ್ಡನ್ ಭಟ್ಟರು ಉಗುರು ನೋಡುತ್ತಿದ್ದರು, ಕಿವಿಯ ಹಿಂಭಾಗ ನೋಡುತ್ತಿದ್ದರು, ಬಟ್ಟಲ ಅಡಿಯನ್ನೂ ತಿರುವಿ ನೋಡುತ್ತಿದ್ದರು. ಉಳಿದ ಹುಡುಗರೆಲ್ಲ ಅವರನ್ನು ಶಪಿಸಿದರು. ನನಗೆ ಮಾತ್ರ ಅದು ಹಿಡಿಸಿತು. ನಾಳೆ ಏನಾಗುತ್ತದೆಂದು ಇವತ್ತೇ ಗೊತ್ತಿರುವುದಕ್ಕಿಂತ ದೊಡ್ಡ ಸುಖ ಬಡವರ ಮನೆಯ ಹುಡುಗನಿಗೆ ಬೇರೆ ಯಾವುದು? ಮುಂದೆ ಮುಂಬಯಿ ಕಡೆಗೆ ಬಂದು ಘಣಸೋಲಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ಟೈಮ್ ಕೀಪರ್ ಆಗಿದ್ದೆ. ಇನ್ನೊಬ್ಬರ ತಡವನ್ನು ಬರೆದುಕೊಳ್ಳುವುದೇ ಉದ್ಯೋಗ. ನನ್ನ ಮದುವೆಯ ದಿನ ಪುರೋಹಿತರು ಮುಹೂರ್ತಕ್ಕೆ ಆರು ನಿಮಿಷ ತಡ ಮಾಡಿದರೆಂದು ನಾನು ಮಂಟಪದಲ್ಲಿಯೇ ಕೈಗಡಿಯಾರ ತೋರಿಸಿದ್ದನ್ನು ಗಿರಿಜೆ ಇನ್ನೂ ಮರೆತಿಲ್ಲ.

ಇಂಥವನನ್ನು ಮಗಳು ಸಹನಾ ಐರ್ಲೆಂಡಿಗೆ ಕರೆಸಿಕೊಂಡಳು. ಅವಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಮದುವೆಯ ನಲವತ್ತೈದನೇ ವರ್ಷಕ್ಕೆ ಉಡುಗೊರೆಯೆಂದು, ಹಳ್ಳಿಗಾಡಿನ ನಡುವೆ ಇರುವ ಒಂದು ಪುರಾತನ ಬಂಗಲೆಯಲ್ಲಿ ಮೂರು ದಿನದ ವಾಸ್ತವ್ಯ ಗೊತ್ತು ಮಾಡಿದ್ದಳು. ಹಿಂದೆ ಜಮೀನುದಾರರ ಮನೆ, ಈಗ ಹೋಟೆಲು. “ಪಪ್ಪಾ, ತೀನ್ ದಿನ್ ಕುಛ್ ನಹೀಂ ಕರ್‌ನಾ. ಬಸ್, ಆರಾಮ್,” ಮೂರು ದಿನ ಏನೂ ಮಾಡಬೇಡಿ ಎಂದು, ಐದಾರು ದಿನ ತನ್ನ ಮನೆಯಲ್ಲಿ ಇರಿಸಿಕೊಂಡ ಮೇಲೆ ನಮ್ಮನ್ನು ಅಲ್ಲಿ ಬಿಟ್ಟು ಹೋದಳು. ಡೊಂಬಿವಲಿಯಲ್ಲಿ ಹುಟ್ಟಿದವಳು, ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಾಳೆ, ಹಿಂದಿಯಲ್ಲಿ ಅಪ್ಪಣೆ ಕೊಡುತ್ತಾಳೆ.

ಮನೆಗೆ ಇನ್ನೂರೈವತ್ತು ವರ್ಷ. ಬೂದು ಕಲ್ಲಿನ ಗೋಡೆ, ಆಳೆತ್ತರದ ಕಿಟಕಿಗಳು, ಅವುಗಳಾಚೆ ಹುಲ್ಲು, ಹುಲ್ಲಿನ ಮೇಲೆ ಕುರಿಗಳು, ಕುರಿಗಳ ಮೇಲೆ ಸಣ್ಣ ಮಳೆ. ಬೀಗದ ಕೈ ನಮ್ಮೂರ ದೇವಸ್ಥಾನದ ಭಂಡಾರದ್ದರಷ್ಟು ಭಾರ. ಒಲೆಯಲ್ಲಿ ಕಟ್ಟಿಗೆಯಲ್ಲ, ಜೌಗು ನೆಲದಿಂದ ಅಗೆದು ಒಣಗಿಸಿದ ಮಣ್ಣಿನ ಹೆಂಟೆ ಉರಿಯುತ್ತಿತ್ತು. ಅದರ ಮುಂದೆ ಎರಡು ನಾಯಿಗಳು ಬಾಡಿಗೆ ಕೊಟ್ಟವರ ಹಾಗೆ ಮಲಗಿದ್ದವು. ನಮ್ಮ ಕೋಣೆಯ ಗೋಡೆಯ ಮೇಲೆ ಆ ವಂಶದ ಹಿರಿಯರ ಚಿತ್ರಗಳು, ಎಲ್ಲರೂ ನಮ್ಮನ್ನೇ ದುರುಗುಟ್ಟಿ ನೋಡುವವರು. “ಇಷ್ಟು ಜನ ಗಂಡಸರ ಎದುರು ನಾನು ಸೀರೆ ಬದಲಿಸುವುದು ಹೇಗೆ?” ಎಂದು ಗಿರಿಜೆ ಟವೆಲುಗಳನ್ನು ತೆಗೆದು ಒಬ್ಬೊಬ್ಬರ ಮುಖಕ್ಕೂ ಹೊದಿಸಿದಳು. ಮರುದಿನ ಕೋಣೆ ಗುಡಿಸಲು ಬಂದ ಹೆಂಗಸು ಅದನ್ನು ಕಂಡು ಏನೆಂದುಕೊಂಡಳೋ, ಇನ್ನೂ ನಾಲ್ಕು ಟವೆಲು ಇಟ್ಟು ಹೋದಳು.

ನನ್ನ ಕಷ್ಟ ಬೇರೆ. ಆ ಮನೆಯಲ್ಲಿ ಒಂದೂ ಗೆರೆ ನೇರ ಇರಲಿಲ್ಲ. ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟರೆ ಅದು ಮೆಲ್ಲಗೆ ಕಿಟಕಿಯ ಕಡೆಗೆ ಜಾರುತ್ತಿತ್ತು. ಗಿರಿಜೆಯ ಕೈಯಿಂದ ಬಿದ್ದ ಕಿತ್ತಳೆ ಹಣ್ಣು ಕೋಣೆ ದಾಟಿ, ಹೊಸಿಲು ದಾಟಿ, ಮೊಗಸಾಲೆಯ ಉದ್ದಕ್ಕೂ ಉರುಳಿಹೋಗಿ ನಾಯಿಯನ್ನು ಎಬ್ಬಿಸಿತು. ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. ‘ಈ ಮನೆಗೆ ನಮ್ಮ ಕಡೆಯಲ್ಲಾದರೆ ಈಗಾಗಲೇ ಅಪಾಯದ ಕಟ್ಟಡವೆಂದು ನೋಟೀಸು ಅಂಟಿಸಿರುತ್ತಿದ್ದರು’ ಎಂದು ನಾನು ಅಂದುಕೊಂಡೆ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಯಾಕೆಂದರೆ ನಮ್ಮ ನವಪ್ರಭಾದ ಕಾಗದಪತ್ರ ಅಷ್ಟೂ ಮುಗಿಸಿ, ಫೈಲಿಗೆ ದಾರ ಕಟ್ಟಿ ಬಂದಿದ್ದೆ.

ಮೊದಲ ಬೆಳಿಗ್ಗೆ ಐದಕ್ಕೇ ಎದ್ದೆ. ಅಲ್ಲಿ ಮೇ ತಿಂಗಳಲ್ಲಿ ಐದಕ್ಕೆ ಚೆನ್ನಾಗಿ ಬೆಳಕು. ಸ್ನಾನ ಮುಗಿಸಿ, ಹಾಸಿಗೆಯಲ್ಲಿ ನನ್ನ ಅರ್ಧವನ್ನು ಸರಿಪಡಿಸಿ — ಇನ್ನರ್ಧದಲ್ಲಿ ಗಿರಿಜೆ ಮಲಗಿದ್ದಳು — ಮೊಗಸಾಲೆಗೆ ಬಂದೆ. ಎದುರಿಗೆ ಒಬ್ಬ ಎಪ್ಪತ್ತರ ಹೆಂಗಸು, ಮೊಣಕಾಲಿನವರೆಗಿನ ರಬ್ಬರ್ ಬೂಟು, ಮೊಣಕೈ ಹರಿದ ಸ್ವೆಟರ್, ಎರಡೂ ಕೈಯಲ್ಲಿ ಬಕೆಟ್. ಕೆಲಸದವಳೆಂದು ತಿಳಿದು ಬಕೆಟ್ ಹಿಡಿಯಲು ಮುಂದಾದೆ. ಅವರೇ ಮನೆಯೊಡತಿ ನೋರಾ ಎಂದು ಆಮೇಲೆ ಗೊತ್ತಾಯಿತು.

“ನಿದ್ದೆ ಬರಲಿಲ್ಲವೇ?” ಎಂದು ಕೇಳಿದರು.

“ಇಲ್ಲ, ನಿದ್ದೆಯ ಹೊತ್ತು ಮುಗಿಯಿತು,” ಎಂದೆ.

ಅವರು ನಕ್ಕು ಒಂದು ಬಕೆಟ್ ನನಗೆ ಕೊಟ್ಟೇಬಿಟ್ಟರು. ಅಟ್ಟದಲ್ಲಿ ಹದಿನಾಲ್ಕು ಕಡೆ ಸೋರಿಕೆ, ಹದಿನಾಲ್ಕು ಬಕೆಟ್. ಪ್ರತಿಯೊಂದಕ್ಕೂ ಬಣ್ಣದಲ್ಲಿ ನಂಬರು, ಇಡುವ ಜಾಗಕ್ಕೆ ಸೀಮೆಸುಣ್ಣದ ವೃತ್ತ. ಬೆಳಿಗ್ಗೆ ಐದಕ್ಕೆ ಒಂದು ಸುತ್ತು, ಸಂಜೆ ಐದಕ್ಕೆ ಒಂದು ಸುತ್ತು. ಯಾವ ಬಕೆಟ್ಟಿನಲ್ಲಿ ಎಷ್ಟು ಬೆರಳು ನೀರು ಎಂದು ಅವರ ತಾಯಿಯ ಕಾಲದಿಂದ ಬರೆದಿಟ್ಟ ಪುಸ್ತಕವೂ ಇತ್ತು! ಪುಟಗಳನ್ನು ಮೊದಲಿಂದ ಕೊನೆಯವರೆಗೂ ತಿರುವಿ ನೋಡಿದೆ. ತಿಂಡಿಯ ಹೊತ್ತಿಗೆ ಗಿರಿಜೆಗೆ ಇದನ್ನು ವರ್ಣಿಸಿದೆ. ಅವಳು ಅಲ್ಲಿಯ ಕಂದು ಬ್ರೆಡ್ಡಿಗೆ ಬೆಣ್ಣೆ ಸವರಿ, ಮನೆಯಿಂದ ತಂದ ಚಟ್ನಿಪುಡಿ ಉದುರಿಸುತ್ತ, “ನಿಮಗೆ ತಕ್ಕ ಜೋಡಿ ಇಲ್ಲಿ ಇತ್ತು. ಪಾಪ, ನಾನು ಸುಮ್ಮನೆ ನಡುವೆ ಬಂದೆ,” ಎಂದಳು. ನೋರಾ ಕೂಡ ಚಟ್ನಿಪುಡಿ ರುಚಿ ನೋಡಿದರು. ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಹಾಕಿಸಿಕೊಂಡರು.

ಎರಡನೇ ಬೆಳಿಗ್ಗೆ ಬಕೆಟ್ ಸುತ್ತು ಮುಗಿದ ಮೇಲೆ ಅವರು ನನ್ನನ್ನು ಮೆಟ್ಟಿಲ ಹಿಂದಿನ ಗೋಡೆಯ ಬಳಿಗೆ ಕರೆದುಕೊಂಡು ಹೋದರು. ನೆಲದಿಂದ ಮಾಡಿನವರೆಗೆ ಒಂದು ಬಿರುಕು. ಕಿರುಬೆರಳು ಹೋಗುವಷ್ಟು ಅಗಲ. ಬಿರುಕಿಗೆ ಅಡ್ಡವಾಗಿ ಮೂರು ಕಡೆ, ಬೆರಳುದ್ದದ ತೆಳು ಗಾಜಿನ ಪಟ್ಟಿಗಳನ್ನು ಎರಡೂ ತುದಿಗೆ ಗಾರೆ ಮೆತ್ತಿ ಕೂರಿಸಿದ್ದರು. ಪ್ರತಿ ಪಟ್ಟಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು.

“ಗೋಡೆ ಅಲುಗಿದರೆ ಮೊದಲು ಒಡೆಯುವುದು ಗಾಜು,” ಎಂದರು ನೋರಾ. “ಮೇಲಿನದು ಅಜ್ಜ ಅಂಟಿಸಿದ್ದು. ಒಡೆದಿದೆ, ನೋಡಿ. ಆಗ ಅಡಿಪಾಯಕ್ಕೆ ಕಲ್ಲು ತುಂಬಿಸಿ ಇದನ್ನು ಅಂಟಿಸಿದರು. ಇದು ಅಪ್ಪನದು. ಕೆಳಗಿನದು ನನ್ನದು. ಎರಡೂ ಒಡೆದಿಲ್ಲ. ಪ್ರತಿ ವರ್ಷದ ಮೊದಲ ದಿನ ಬಂದು ನೋಡುತ್ತೇನೆ.”

“ಇಂಜಿನಿಯರು ಏನೆನ್ನುತ್ತಾರೆ?”

“ಒಬ್ಬರು ಬಂದಿದ್ದರು. ಕೆಡವಿ ಕಟ್ಟುವುದು ಸುಲಭ ಎಂದರು. ಚಹಾ ಕೊಟ್ಟು ಕಳಿಸಿದೆವು.” ಆಮೇಲೆ, ನಾನು ಟೀಕೆ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: “ಬಿರುಕು ಇರುವುದು ಬೇರೆ, ಬಿರುಕು ಬೆಳೆಯುವುದು ಬೇರೆ. ಬೆಳೆಯುತ್ತಿದೆಯೇ ಎಂದು ನೋಡಬೇಕು. ನೋಡುವುದಕ್ಕೆ ಪುರುಸೊತ್ತು ಬೇಕು, ಅಷ್ಟೇ.”

ನಾನು ಆ ಗಾಜಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂಬುದು ನನಗೆ ಗೊತ್ತಿಲ್ಲ. ಟೈಮ್ ಕೀಪರನ ಬಾಯಲ್ಲಿ ಈ ಮಾತು ಬಂತೆಂದರೆ ನೀವೇ ಊಹಿಸಿಕೊಳ್ಳಿ.

ಯಾಕೆಂದು ಈಗ ಹೇಳುತ್ತೇನೆ.

ನವಪ್ರಭಾ ಮೂರು ಮಾಳಿಗೆಯ, ಹದಿನಾರು ಮನೆಗಳ ಕಟ್ಟಡ. ವಯಸ್ಸು ನಲವತ್ತು ತುಂಬುತ್ತಿತ್ತು. ಹಳೇ ಕಟ್ಟಡಗಳ ಗಟ್ಟಿತನವನ್ನು ಇಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕೆಂದು ನಿಯಮ. ನಮ್ಮ ಬೀದಿಯಲ್ಲಿ ಹಾಗೆ ಮಾಡಿಸಿದ್ದು ನಮ್ಮದೊಂದೇ, ಅದೂ ಗಡುವಿಗೆ ಒಂದು ತಿಂಗಳು ಮುಂಚೆ. ವರದಿಯಲ್ಲಿ ಎರಡು ದಾರಿ ಬರೆದಿದ್ದರು. ಒಂದು, ಜನ ಇದ್ದಂತೆಯೇ ಕಂಬಗಳನ್ನು ಒಂದೊಂದಾಗಿ ಬಲಪಡಿಸುತ್ತ ಹಂತ ಹಂತವಾಗಿ ರಿಪೇರಿ. ಎರಡು, ಎಲ್ಲರೂ ಖಾಲಿ ಮಾಡಿ ಹೊಸದಾಗಿ ಕಟ್ಟುವುದು. ರಿಪೇರಿ ಎಂದರೆ ವರ್ಷಗಟ್ಟಲೆ ಧೂಳು, ಜಗಳ, ಒಂದು ಕಂಬ ಮುಗಿಯಿತು ಎನ್ನುವಾಗ ಇನ್ನೊಂದು. ಬಿಲ್ಡರನ ಬಣ್ಣದ ಪುಸ್ತಿಕೆಯಲ್ಲಿ ಎಲ್ಲ ಗೆರೆಗಳೂ ನೇರ ಇದ್ದವು. ನಾನು ಎರಡನೆಯದಕ್ಕೆ ಓಟು ಹಾಕಿದೆ. ಸೆಕ್ರೆಟರಿ ಹೇಳಿದ್ದಕ್ಕೆ ಉಳಿದವರೂ ಒಪ್ಪಿದರು. ಹದಿನೈದು ಸಹಿ ಬಂತು. ಉಳಿದದ್ದು ಒಂದು, ಶಿವಗಂಗಮ್ಮನದು.

ಶಿವಗಂಗಮ್ಮ ಕಲಬುರ್ಗಿ ಕಡೆಯವರು. ಗಂಡ ಬಸಪ್ಪ ಮತ್ತು ಅವರು ನವಪ್ರಭಾ ಕಟ್ಟುವಾಗ ಕೂಲಿಗೆ ಬಂದವರು. ಕಟ್ಟಡ ಮುಗಿದ ಮೇಲೆ ಬಸಪ್ಪ ಅಲ್ಲಿಯೇ ವಾಚ್‌ಮನ್ ಆದ. ಕಟ್ಟಿಸಿದ ಹಳೇ ಮಾಲೀಕರು ನೆಲಮಾಳಿಗೆಯಲ್ಲ, ನೆಲದ ಮಟ್ಟದಲ್ಲಿಯೇ ಹಿಂಬದಿಯ ಒಂದು ಕೋಣೆಯನ್ನು ಅವರ ಹೆಸರಿಗೆ ಬರೆದುಕೊಟ್ಟಿದ್ದರು. ಬಸಪ್ಪ ಹೋಗಿ ಹತ್ತು ವರ್ಷವಾಗಿತ್ತು. ಕಿಟಕಿ ಇಲ್ಲದ ಆ ಕೋಣೆಯಲ್ಲಿ ಅವರೊಬ್ಬರೇ.

ವಿಮಾನ ಹತ್ತುವ ಹಿಂದಿನ ಸಂಜೆ ಫೈಲು ಹಿಡಿದು ಅವರ ಬಾಗಿಲಿಗೆ ಹೋದೆ. ಫೈಲನ್ನು ನಗರಪಾಲಿಕೆಗೆ ಕೊಡುವ ಕಡೆಯ ದಿನಕ್ಕೆ ಇನ್ನೂ ಎರಡು ವಾರ ಇತ್ತು; ನಾನು ಹಿಂದಿರುಗಿದ ಮೇಲೂ ಕೇಳಬಹುದಿತ್ತು. ಆದರೆ ಪಟ್ಟಿಯಲ್ಲಿ ಹದಿನೈದು ಚೌಕ ತುಂಬಿ ಒಂದು ಖಾಲಿ ಇದ್ದರೆ ನನಗೆ ಪ್ರಯಾಣದಲ್ಲಿ ನೆಮ್ಮದಿ ಇರುವುದಿಲ್ಲ. ಊರು ಬಿಡುವಾಗ ಒಂದು ಕೆಲಸವೂ ಬಾಕಿ ಇರಬಾರದು. ವಿದ್ಯಾರ್ಥಿನಿಲಯದ ಕಾಲದಿಂದ ಅದೇ ಅಭ್ಯಾಸ.

“ಇಪ್ಪತ್ತೊಂದು ದಿನ ಈ ಗ್ವಾಡಿಗಿ ಮೂರೂ ಹೊತ್ತು ನೀರ ಕುಡಿಸೀನ್ರಿ ಸಾಹೇಬ್ರ,” ಎಂದರು ಶಿವಗಂಗಮ್ಮ, ಗೋಡೆಯ ಮೇಲೆ ಅಂಗೈ ಇಟ್ಟು. “ಬಸುರಿ ಇದ್ದೆ. ಕೊಡ ಹೊತ್ಕೊಂಡು ಮೂರ್ನೇ ಮಾಳಿಗಿ ತನಕ ಹತ್ತೀನಿ. ಇದು ಬೀಳೂದಿಲ್ರಿ.”

“ಇಂಜಿನಿಯರ್ ಬರೆದಿದ್ದಾರೆ ಅಮ್ಮ.”

“ಬರೀಲಿ. ಆತ ಒಂದಿನ ಬಂದು ಬಡದು ನೋಡ್ಯಾನ. ಇದೊಂದು ಮಳಿಗಾಲ ಕಳೀಲಿ, ಆಮ್ಯಾಲ ನೋಡೂಣು.”

ನಾನು ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದೆ. ಅವರು ನನ್ನ ಮುಖ ನೋಡಿ ಕೇಳಿದರು:

“ನೀವು ಹೇಳ್ರಿ. ನೀವು ಹೇಳ್ತೀರೇನು, ಬೀಳ್ತದಂತ?”

“ಬೀಳುತ್ತದೆ,” ಎಂದೆ.

ನನಗೆ ಗೊತ್ತಿರಲಿಲ್ಲ. ವರದಿಯಲ್ಲಿಯೂ ಹಾಗೆ ಬರೆದಿರಲಿಲ್ಲ. ಆರು ಗಂಟೆಗೆ ಪೆಟ್ಟಿಗೆಗಳನ್ನು ತೂಕ ಹಾಕಬೇಕಿತ್ತು, ಆಗಲೇ ಆರೂ ಕಾಲು.

“ನೀವು ಹೇಳಿದ ಮ್ಯಾಲ ಮುಗೀತ್ರಿ,” ಎಂದು ಅವರು ಚಾಪೆಯ ಮೇಲೆ ಕೂತು, ನಾಲಿಗೆ ತುದಿಯನ್ನು ಹಲ್ಲಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೊರೆದು ಸಹಿ ಹಾಕಿದರು.

ಗಾಜಿನ ಪಟ್ಟಿಯ ಮುಂದೆ ನಿಂತಾಗ ನನಗೆ ಕಂಡದ್ದು ಇದು. ಕಲ್ಲಿನ ಮನೆ ಬೇರೆ, ನಮ್ಮ ಸಿಮೆಂಟು ಕಬ್ಬಿಣ ಬೇರೆ, ನಮ್ಮ ಉಪ್ಪುಗಾಳಿ ಬೇರೆ ಎಂಬುದು ನನಗೂ ಗೊತ್ತು. ಗಾಜು ಅಂಟಿಸಿದರೆ ಡೊಂಬಿವಲಿಯ ಕಟ್ಟಡಗಳೆಲ್ಲ ಉಳಿಯುತ್ತವೆ ಎಂದು ಹೇಳುವಷ್ಟು ಮರುಳನಲ್ಲ. ಆದರೆ ನಮಗೂ ಮೊದಲ ದಾರಿ ಇತ್ತಲ್ಲ? ನಂಬರು ಹಾಕಿ, ತಾರೀಕು ಬರೆದು, ಹೊತ್ತಿಗೆ ಸರಿಯಾಗಿ ಹೋಗಿ ನೋಡುವ ಕೆಲಸ. ಆ ಕೆಲಸಕ್ಕೆ ಇಡೀ ಸೊಸೈಟಿಯಲ್ಲಿ ನನ್ನಷ್ಟು ತಕ್ಕವನು ಯಾರಿದ್ದ? ಅದಕ್ಕೇ ಹುಟ್ಟಿದವನ ಹಾಗೆ ಇದ್ದ ನಾನು ಎಲ್ಲ ಬಿಟ್ಟು ಮುಗಿಸುವ ಕೆಲಸಕ್ಕೆ ಹೋಗಿದ್ದೆ.

ತಿಂಡಿಗೂ ಕಾಯದೆ ಖಜಾಂಚಿ ಜೋಶಿಯವರಿಗೆ ಫೋನ್ ಮಾಡಿದೆ. ಫೈಲು ಅವರ ಬಳಿ ಕೊಟ್ಟು ಬಂದಿದ್ದೆ. ಕಡೆಯ ದಿನಕ್ಕೆ ಇನ್ನೂ ಆರು ದಿನ ಉಳಿದಿತ್ತು.

“ಜೋಶಿಯವರೇ, ಆ ಫೈಲು ಇಟ್ಟುಕೊಂಡಿರಿ. ನಾನು ಬಂದು ಒಮ್ಮೆ ಸಭೆ ಕರೆಯುತ್ತೇನೆ,” ಎಂದೆ ಮರಾಠಿಯಲ್ಲಿ.

“ಅಹೋ ಸಾಹೇಬ್, ಕಾಮ್ ಝಾಲಂ!” ಎಂದರು ಅವರು ಉತ್ಸಾಹದಿಂದ. “ನಿನ್ನೆಯೇ ಕೊಟ್ಟುಬಂದೆ. ಕಡೆಯ ತಾರೀಕಿಗೆ ಕಾಯಬಾರದು, ನಿಮ್ಮದೇ ಪಾಠ! ನೀವು ಅಲ್ಲಿ ಮಜಾ ಮಾಡಿ.”

ಮೂರನೇ ದಿನ ಐದಕ್ಕೆ ನಾನು ಏಳಲಿಲ್ಲ. ಎಚ್ಚರವಿತ್ತು, ಏಳಲಿಲ್ಲ. ಮೊಗಸಾಲೆಯಲ್ಲಿ ನೋರಾ ನಮ್ಮ ಬಾಗಿಲ ಬಳಿ ಒಂದು ಕ್ಷಣ ನಿಂತು ಮುಂದೆ ಹೋದದ್ದು ಕೇಳಿಸಿತು. ಗಿರಿಜೆ ಕಣ್ಣು ಬಿಟ್ಟು, “ಜ್ವರವಾ?” ಎಂದು ಹಣೆ ಮುಟ್ಟಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ‘ಬೀಳುತ್ತದೆ’ ಎಂದ ಮಾತನ್ನೂ. ಅವಳು ಹಣೆಯಿಂದ ಕೈ ತೆಗೆದು, “ಅದನ್ನು ನನಗೆ ಹೇಳಿ ಎಂತ ಪ್ರಯೋಜನ? ಅವರಿಗೆ ಹೇಳಬೇಕು,” ಎಂದಳು.

ಹಿಂದಿರುಗಿದಾಗ ಎಲ್ಲರೂ ಪೆಟ್ಟಿಗೆ ಕಟ್ಟುತ್ತಿದ್ದರು. ಮಳೆಗೆ ಮುಂಚೆ ಖಾಲಿ ಮಾಡಬೇಕು. ಸಭೆ ಕರೆದು, ರಿಪೇರಿಯ ಬಗ್ಗೆ ಮತ್ತೆ ಯೋಚಿಸೋಣವೇ ಎಂದು ಕೇಳಿದೆ. ಬಾಡಿಗೆ ಮನೆ ಗೊತ್ತು ಮಾಡಿಕೊಂಡ ಜನ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಒಬ್ಬರು, “ಸೆಕ್ರೆಟರಿ ಫಾರಿನ್ ಹೋಗಿ ಬಂದು ಬದಲಾದರು,” ಎಂದು ನಗಿಸಿದರು. ನಾನೂ ನಕ್ಕೆ.

ಖಾಲಿ ಮಾಡುವ ದಿನ ಶಿವಗಂಗಮ್ಮ ಸಾಮಾನನ್ನೆಲ್ಲ ಟೆಂಪೊಗೆ ಏರಿಸಿ, ತಿರುಗಿ ಒಳಗೆ ಹೋಗಿ ಕೋಣೆ ಗುಡಿಸಿ, ನೀರು ಹಾಕಿ ಒರೆಸುತ್ತಿದ್ದರು.

“ಒಡೆಯುವ ಮನೆಯನ್ನು ಯಾಕಮ್ಮ ಒರೆಸುತ್ತೀರಿ?”

“ಒಡಿಯಾಕ ಬರಾವ್ರು ಮಂದಿನೇ ಅಲ್ರಿ? ಏನ್ ಹೊಲಸ ಇಟ್ಟಿದ್ದಳು ಮುದುಕಿ ಅಂದಾರು.”

ಅಂದು ಹೇಳಬಹುದಿತ್ತು. ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ. ಹೇಳಲಿಲ್ಲ.

ಒಡೆಯಲು ನಾಲ್ಕು ದಿನ ಸಾಕು ಎಂದಿದ್ದರು. ಹನ್ನೊಂದು ದಿನ ಹಿಡಿಯಿತು. ನಾನು ದಿನವೂ ಎದುರಿನ ಚಹಾ ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಹಿಂಬದಿಯ ಕಂಬಗಳ ಬಳಿ ಬಂದಾಗ ಯಂತ್ರ ನಡೆಸುವವನು ಇಳಿದು ಬೆವರು ಒರೆಸಿಕೊಂಡು, “ಕಡಕ್ ಮಾಲ್ ಆಹೇ, ಕಾಕಾ,” ಎಂದ. ಗಟ್ಟಿ ಸರಕು. ಅವನು ಮೆಚ್ಚಿ ಹೇಳಿದ್ದು. ಆ ಮಾತನ್ನು ನಾನು ಯಾವ ಮಿನಿಟ್ಸಿನಲ್ಲೂ ಬರೆದಿಲ್ಲ.

ಆಮೇಲೆ ನಡೆದದ್ದು ನಿಮ್ಮ ಬೀದಿಯಲ್ಲೂ ನಡೆದಿರಬಹುದು. ಬಿಲ್ಡರನ ಪಾಲುದಾರರಲ್ಲಿ ಜಗಳ, ಅಡಿಪಾಯದ ಗುಂಡಿ ತೋಡಿದ ಮೇಲೆ ಕೆಲಸ ನಿಂತಿತು. ಈಗ ಗುಂಡಿಯಲ್ಲಿ ಎರಡು ಮಳೆಗಾಲದ ನೀರು, ಅದರ ಸುತ್ತ ಔಡಲ ಗಿಡ. ಜನ ಚದುರಿಹೋದರು: ಕೆಲವರು ಕಲ್ಯಾಣ್ ಪಟ್ಟಣಕ್ಕೆ, ಕೆಲವರು ಠಾಣೆ ಪಟ್ಟಣಕ್ಕೆ, ಒಬ್ಬರು ಮಗಳ ಮನೆಗೆ. ಇಬ್ಬರು ತೀರಿಕೊಂಡರು. ಮೊದಲ ಫುಟ್‌ಪಾತ್ ಸಭೆಗೆ ಹದಿನಾಲ್ಕು ಮಂದಿ ಇದ್ದರು. ಆಮೇಲೆ ಒಂಬತ್ತು, ಐದು. ಕಳೆದ ತಿಂಗಳು ನಾನು ಮತ್ತು ಜೋಶಿ. ಗಿರಿಜೆ ಫ್ಲಾಸ್ಕಿನಲ್ಲಿ ಚಹಾ ತರುತ್ತಾಳೆ, ಆದರೆ ಅವಳು ಸದಸ್ಯೆಯಲ್ಲ, ಸಭೆಗೆ ಬೇಕಾದ ಕನಿಷ್ಠ ಹಾಜರಿಯ ಲೆಕ್ಕಕ್ಕೆ ಅವಳನ್ನು ಹಿಡಿಯುವಂತಿಲ್ಲ. ‘ಕೋರಂ ಇಲ್ಲದ್ದರಿಂದ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ ಮತ್ತೆ ಸೇರಲಾಯಿತು’ ಎಂದು ಬರೆಯುತ್ತೇನೆ. ಅರ್ಧ ಗಂಟೆ ನಾವಿಬ್ಬರೂ ಅಲ್ಲಿಯೇ ನಿಂತಿರುತ್ತೇವೆ. ನಿಯಮ ಹಾಗಿದೆ. ಸಹನಾ ಫೋನಿನಲ್ಲಿ, “ಪಪ್ಪಾ, ವಹಾಂ ಅಬ್ ಬಚಾ ಕ್ಯಾ ಹೈ? ಇಧರ್ ಆ ಜಾವೋ,” ಎನ್ನುತ್ತಾಳೆ, ಅಲ್ಲಿ ಇನ್ನೇನು ಉಳಿದಿದೆ, ಇಲ್ಲಿಗೇ ಬಂದುಬಿಡಿ ಎಂದು. ಮೊದಲ ಭಾನುವಾರ ಸಭೆ ಇದೆ ಎನ್ನುತ್ತೇನೆ. ಅವಳು ಫೋನನ್ನು ಅಮ್ಮನಿಗೆ ಕೊಡಲು ಹೇಳುತ್ತಾಳೆ.

ಶಿವಗಂಗಮ್ಮ ಈಗ ಪನ್ವೇಲ್ ಹತ್ತಿರದ ಕಾಮೋಠೆಯಲ್ಲಿ, ತಂಗಿಯ ಮಗಳ ಮನೆಯಲ್ಲಿದ್ದಾರೆ. ಒಂದೂವರೆ ವರ್ಷ, ಎರಡು ಲೋಕಲ್ ರೈಲು ಬದಲಿಸಿ, ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಕಳೆದ ಮೂರು ಸಭೆಗಳಿಂದ ಅವರು ಬರುತ್ತಿಲ್ಲ. ಮೊನ್ನೆ ಕಾರ್ಡು ಬಿದ್ದ ಮೇಲೆ, ಇನ್ನು ಮುಂದೂಡಬಾರದು ಎಂದು, ಫೋನ್ ಮಾಡಿ ನಾಲ್ಕು ಗಂಟೆಗೆ ಬರುವೆನೆಂದು ತಿಳಿಸಿ ಹೊರಟೆ. ಗಿರಿಜೆ ಎಲ್ಲಿಗೆ ಎಂದು ಕೇಳಲಿಲ್ಲ, ಒಂದು ಡಬ್ಬಿಯಲ್ಲಿ ಉಂಡೆ ತುಂಬಿ ಕೊಟ್ಟಳು. ಠಾಣೆ ಸ್ಟೇಷನ್ನಿನಲ್ಲಿ ಪನ್ವೇಲ್ ಗಾಡಿ ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಸರಿಪಡಿಸುತ್ತ ಹೋದೆ. ‘ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ, ಆದರೂ ಹೇಳಿದೆ.’ ಅಷ್ಟೇ. ಮೊದಲು ನೆಪಗಳಿದ್ದವು, ಘಣಸೋಲಿ ದಾಟುವುದರೊಳಗೆ ಅವನ್ನೆಲ್ಲ ಹೊಡೆದುಹಾಕಿದೆ.

ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ತಂಗಿಯ ಮಗಳು ಕೆಲಸಕ್ಕೆ ಹೋಗಿದ್ದಳು. ಗ್ರಿಲ್ ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ, ಒಣಗಿಸಿದ ಬಟ್ಟೆಗಳ ಕೆಳಗೆ, ಒಂದು ಮಂಚದ ಮೇಲೆ ಶಿವಗಂಗಮ್ಮ ಕಾಲು ಚಾಚಿ ಕೂತಿದ್ದರು. ಮೊಣಕಾಲು ಎರಡೂ ಊದಿದ್ದವು.

“ನಾಕಂದ್ರ ನಾಕು!” ಎಂದು ನಕ್ಕರು. “ನಿಮ್ಮ ನೋಡಿ ಗಡಿಯಾರ ತಿರುವ್ಕೋಬೇಕ್ರಿ. ಕುಂದುರ್ರಿ. ಮೀಟಿಂಗ್‌ಗ ಬರಲಿಲ್ಲಂತ ಬೈಯಾಕ ಬಂದೀರೇನು?”

“ಇಲ್ಲಮ್ಮ, ನೋಡಿ ಹೋಗೋಣ ಅಂತ.”

“ಇಳಿಯಾಕ ಆಗೂದಿಲ್ರಿ. ಇಳದರ ಹತ್ತಾಕ ಆಗೂದಿಲ್ಲ. ಮೂರ್ನೇ ಮಾಳಿಗಿ ನನ್ನ ಬೆನ್ನು ಬಿಡವಲ್ದು ನೋಡ್ರಿ.” ಉಂಡೆಯ ಡಬ್ಬಿ ತೆರೆದು ವಾಸನೆ ನೋಡಿ, ಅಕ್ಕಾವ್ರು ಹ್ಯಾಂಗದಾರ ಎಂದು ವಿಚಾರಿಸಿದರು. ಆಮೇಲೆ ಬಾಲ್ಕನಿಯ ಗ್ರಿಲ್ಲಿನಾಚೆ ನೋಡುತ್ತ ಕೇಳಿದರು: “ಹೊಸಾ ಮನ್ಯಾಗ ನನ್ನ ಖೋಲಿಗಿ ಖಿಡಕಿ ಬರ್ತದಲ್ರಿ? ನಕ್ಷೆದಾಗ ತೋರ್ಸಿದ್ರಿ.”

“ನಕ್ಷೆಯಲ್ಲಿ ಇದೆ,” ಎಂದೆ.

“ಸಾಕ್ರಿ. ಖಿಡಕಿ ಯಾವ ಕಡೆ ಇದ್ರೂ ನಡೀತದ.”

ನಾನು ನೀರು ಕೇಳಿ ಕುಡಿದೆ. ಲೋಟವನ್ನು ಕೆಳಗಿಟ್ಟೆ. “ಅಮ್ಮ, ಒಂದು ವಿಷಯ ಇತ್ತು. ಅಂದು ಸಹಿ ಹಾಕಿಸಿಕೊಳ್ಳುವಾಗ...”

“ಸಹಿ ಬೇಕಾಗಿತ್ತೇನ್ರಿ? ತಡೀರಿ, ತಡೀರಿ.” ಅವರು ದಿಂಬಿನ ಕೆಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ಶಾಲೆಯ ನೋಟ್‌ಬುಕ್ಕಿನಿಂದ ಎಚ್ಚರದಿಂದ ಬಿಡಿಸಿದ ಹಾಳೆಗಳು. ಎಲ್ಲವೂ ಖಾಲಿ. ಪ್ರತಿಯೊಂದರ ಕೆಳಗೆ, ಬಲಮೂಲೆಯಲ್ಲಿ, ಒತ್ತಿ ಒತ್ತಿ ಬರೆದ ಅವರ ಹೆಸರು.

“ಹತ್ತು ಅದಾವು. ನನ್ನ ಕಾಲು ಹಿಂಗಾದ ಮ್ಯಾಲ ದಿನಾ ಒಂದೊಂದು ಮಾಡಿ ಇಟ್ಟೀನಿ. ಪಾಪ, ನನ್ನ ಒಂದು ಸಹಿಗೋಸ್ಕರ ನೀವ್ಯಾಕ ಅಲ್ಲಿಂದ ಇಲ್ಲಿ ತನಕ ಬರ್ಬೇಕು? ಮ್ಯಾಲ ಏನ್ ಬರೀಬೇಕೋ ನೀವು ಬರ್ಕೋರಿ. ನೀವು ಬರದದ್ದು ಹೊತ್ತಿಗಿ ಮುಟ್ತದ.”

“ಖಾಲಿ ಹಾಳೆಗೆ ಸಹಿ ಹಾಕಬಾರದು ಅಮ್ಮ. ಯಾರಿಗೂ ಕೊಡಬಾರದು.”

“ಯಾರಿಗ್ಯಾಕ ಕೊಡ್ಲಿ? ನಿಮಗ ಕೊಡಾಕತ್ತೀನಿ.” ಅವರು ಹಾಳೆಗಳ ಅಂಚನ್ನು ಮೊಣಕಾಲಿನ ಮೇಲೆ ತಟ್ಟಿ ಸಮ ಮಾಡಿ ನನ್ನ ಕೈಗೆ ಇಟ್ಟರು. “ಈಗ ಹೇಳ್ರಿ, ಏನೋ ಹೇಳಾಕ ಬಂದಿದ್ರಿ.”

ನಾನು ಹಾಳೆಗಳನ್ನು ಮಡಿಕೆ ಬೀಳದಂತೆ ಫೈಲಿನೊಳಗೆ ಇಟ್ಟು ದಾರ ಕಟ್ಟಿದೆ. ಐದು ಇಪ್ಪತ್ತರ ಗಾಡಿ ತಪ್ಪಿದರೆ ಠಾಣೆಯಲ್ಲಿ ನೂಕುನುಗ್ಗಲು ಎಂದು ಹೇಳಿ ಎದ್ದು ನಿಂತೆ.